ಅಟ್ಟವಿಲ್ಲದ ಮನೆಗೆ ನಾಯಿ ಬಂದಾಗ

ನಾಯಿ ಬೆಕ್ಕುಗಳ ವ್ಯಾಜ್ಯವನ್ನು ಮಲೆನಾಡಿನ ಹಳೆಯ ಮನೆ ಕಟ್ಟಿದವರು ಗೋಡೆ ಎಬ್ಬಿಸುವಾಗಲೇ ಇತ್ಯರ್ಥ ಮಾಡಿಬಿಟ್ಟಿದ್ದರು. ನಾಯಿಗೆ ಅಂಗಳ, ಮಳೆ ಜೋರಾದರೆ ಜಗಲಿಯ ಅಂಚು. ಬೆಕ್ಕಿಗೆ ಒಲೆಯ ಮಗ್ಗುಲು ಮತ್ತು ಇಡೀ ಅಟ್ಟ. ನಡುವೆ ಹೊಸಿಲು. ಎರಡೂ ಒಂದೇ ಮನೆಯ ಅನ್ನ ತಿಂದುಕೊಂಡು, ಒಂದರ ಮುಖ ಇನ್ನೊಂದು ನೋಡದೆ ಆಯುಷ್ಯ ಕಳೆಯಬಹುದಿತ್ತು. ಬೆಂಗಳೂರಿನ ಎರಡು ಬೆಡ್‌ರೂಮಿನ ಫ್ಲಾಟಿನಲ್ಲಿ ಅಂಗಳವೂ ಇಲ್ಲ, ಅಟ್ಟವೂ ಇಲ್ಲ. ನಾವು ನಾಯಿ ತಂದ ಸುದ್ದಿ ಕೇಳಿ ತೀರ್ಥಹಳ್ಳಿಯಿಂದ ಅತ್ತೆ ಫೋನಿನಲ್ಲಿ ಒಂದೇ ಪ್ರಶ್ನೆ ಹಾಕಿದರು: ‘ಅದನ್ನ ಒಳಗೆ ಬಿಟ್ಕಂಡ್ರೆ ಬೆಕ್ಕು ಎಲ್ಲಿಗೆ ಹೋಗ್ಬೇಕು?’

ಕೆಂಚನನ್ನು ಆರಿಸಿದವಳು ಮಗಳು. ದತ್ತು ಶಿಬಿರದಲ್ಲಿ ಎಲ್ಲರೂ ಮರಿಗಳ ಬುಟ್ಟಿಗೆ ಮುಗಿಬಿದ್ದಿದ್ದಾಗ ಇವಳು ಹಿಂದಿನ ಸಾಲಿನಲ್ಲಿ ಸುಮ್ಮನೆ ಮಲಗಿದ್ದ ದೊಡ್ಡ ನಾಯಿಯ ಪಕ್ಕ ಕೂತುಬಿಟ್ಟಳು. ಅದರ ಕಿವಿಯ ತುದಿಯಲ್ಲಿ ಚಿಕ್ಕ ಕಚ್ಚು. ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ ಎಂಬುದಕ್ಕೆ ಅದೇ ಗುರುತು. ರೇಬೀಸ್ ಲಸಿಕೆಯನ್ನೂ ಆಗಲೇ ಹಾಕಿರುತ್ತಾರೆ. ನಮ್ಮ ಲಿಫ್ಟಿನಲ್ಲಿ ಅದನ್ನು ಕಂಡ ಹಿರಿಯರೊಬ್ಬರು ‘ಪಾಪ, ಯಾರು ಕಚ್ಚಿದ್ರು?’ ಎಂದು ಮರುಗಿದರು. ಇನ್ನೊಬ್ಬರು ‘ಮುಧೋಳ ಕ್ರಾಸಾ?’ ಎಂದರು. ಹೊಟ್ಟೆ ಒಳಸೇರಿ ಕಾಲು ಉದ್ದವಿರುವ ಯಾವ ನಾಯಿಯೂ ನಮ್ಮ ರಾಜ್ಯದಲ್ಲಿ ಬರೀ ನಾಯಿ ಅನ್ನಿಸಿಕೊಳ್ಳುವುದಿಲ್ಲ. ಕೆಂಚ ಅಪ್ಪಟ ಬೀದಿನಾಯಿ. ಅದೇ ವಾಸಿ. ಮುಧೋಳ ನಾಯಿ ಕಣ್ಣನ್ನು ನಂಬಿ ಬೇಟೆಯಾಡುವ ತಳಿ. ಎದುರು ಏನೇ ಓಡಿದರೂ ಬೆನ್ನಟ್ಟುವುದು ಅದರ ಕುಲಕಸುಬು. ಬೆಕ್ಕಿನವರ ಮನೆಗೆ ಅಂಥ ವಂಶಾವಳಿ ಹೆಮ್ಮೆಗಿಂತ ತಲೆಬಿಸಿಯನ್ನೇ ತಂದೀತು.

ಮನೆಯಲ್ಲಿ ಆಗಲೇ ಇಬ್ಬರಿದ್ದರು. ಚಿನ್ನು ಅಂಜುಬುರುಕ. ಪುಟ್ಟಮ್ಮನಿಗೆ ಮಾತ್ರ ಮನೆ ತನ್ನದು, ನಾವು ಬಾಡಿಗೆಗಿದ್ದೇವೆ ಎಂಬ ಖಚಿತ ತಿಳಿವಳಿಕೆ.

‘ಮೊದಲು ಮುಖ ತೋರಿಸಬೇಡಿ, ವಾಸನೆ ತೋರಿಸಿ’ ಎಂದು ಶಿಬಿರದ ಹುಡುಗಿ ಹೇಳಿಕೊಟ್ಟಿದ್ದಳು. ಕೆಂಚ ಒಂದು ಕೋಣೆಯಲ್ಲಿ, ಬಾಗಿಲು ಭದ್ರ. ಅವನು ಮಲಗಿದ ಟವೆಲ್ಲು ಬೆಕ್ಕುಗಳ ಬಳಿಗೆ, ಬೆಕ್ಕುಗಳ ಚಾದರ ಅವನ ಬಳಿಗೆ. ಹೆಣ್ಣು ನೋಡುವ ಮೊದಲು ಜಾತಕ ಕಳಿಸಿದ ಹಾಗೆ. ಕೆಂಚ ಚಾದರದ ಮೂಲೆಮೂಲೆಯನ್ನೂ ಮೂಸಿ ಅದರ ಮೇಲೇ ನಿದ್ದೆಹೋದ. ಪುಟ್ಟಮ್ಮ ಟವೆಲ್ಲನ್ನು ದೂರದಿಂದ ನೋಡಿ ಒಮ್ಮೆ ಉಸ್ಸೆಂದು, ಎರಡು ಹೊತ್ತು ಊಟ ಬಿಟ್ಟಳು. ಜಾತಕ ಕೂಡಲಿಲ್ಲ ಎಂದೇ ತಿಳಿದೆವು. ಆಮೇಲೆ ಮುಚ್ಚಿದ ಬಾಗಿಲಿನ ಆಚೆಈಚೆ ತಟ್ಟೆಗಳನ್ನಿಟ್ಟು, ದಿನಕ್ಕಿಷ್ಟು ಹತ್ತಿರ ತಂದೆವು. ಆ ವಾಸನೆ ಬಂದಾಗೆಲ್ಲ ಊಟವೂ ಬರುತ್ತದೆ ಎಂದು ಇಬ್ಬರಿಗೂ ಮನವರಿಕೆಯಾಗಬೇಕು, ಅಷ್ಟೇ. ಹಸಿವಿನ ಮುಂದೆ ಪುಟ್ಟಮ್ಮನ ಸ್ವಾಭಿಮಾನವೂ ನಿಧಾನಕ್ಕೆ ಸಡಿಲವಾಯಿತು.

ಮುಖಾಮುಖಿ ಮಾತ್ರ ನಾಯಿಗೆ ಬೆಲ್ಟು ಹಾಕಿಯೇ. ಬೊಗಳಿದರೆ ನಾವೆಲ್ಲ ಹೌಹಾರುತ್ತೇವೆ. ನಿಜಕ್ಕೂ ಹೆದರಬೇಕಾದ್ದು ಬಾಯಿ ಮುಚ್ಚಿ, ಮೈ ಬಿಗಿದು, ರೆಪ್ಪೆ ಹೊಡೆಯದೆ ನೋಡುವ ನಾಯಿಗೆ. ಕೆಂಚ ಆ ನೋಟ ಬಿಟ್ಟು ಮಗಳತ್ತ ತಿರುಗಿದಾಗೆಲ್ಲ ಒಂದು ಚೂರು ಮೊಟ್ಟೆ. ಇನ್ನೊಂದು ತೊಡಕು ಬಾಲದ್ದು. ನಾಯಿ ಬಾಲ ಆಡಿಸಿದರೆ ಸಾಮಾನ್ಯವಾಗಿ ಸಲಿಗೆ, ಬೆಕ್ಕು ಬಾಲ ಬಡಿದರೆ ಸಿಟ್ಟು. ಕೆಂಚ ಪುಟ್ಟಮ್ಮನ ಬಾಲವನ್ನು ಆಹ್ವಾನವೆಂದೇ ಓದಿ, ಹತ್ತಿರ ಹೋಗಿ, ಮೂಗಿನ ಮೇಲೆ ಒಂದು ಏಟು ತಿಂದ. ಅವಳು ಓಡಲಿಲ್ಲ. ಓಡದ ಬೆಕ್ಕನ್ನು ಏನು ಮಾಡಬೇಕೆಂದು ತಿಳಿಯದೆ ಅವನು ಕೂತುಬಿಟ್ಟ.

ಟೆಲ್ ಅವೀವ್ ವಿಶ್ವವಿದ್ಯಾಲಯದವರು 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಒಂದೇ ಸೂರಿನಡಿಯ ನಾಯಿ ಬೆಕ್ಕುಗಳು ಕ್ರಮೇಣ ಪರಸ್ಪರರ ಮೈಭಾಷೆ ಕಲಿಯುತ್ತವೆ. ಬೆಕ್ಕಿಗೆ 6 ತಿಂಗಳು, ನಾಯಿಗೆ 1 ವರ್ಷ ತುಂಬುವ ಮೊದಲೇ ಪರಿಚಯವಾದರೆ ಸಲೀಸು. ಮನೆಗೆ ಬೆಕ್ಕು ಮೊದಲು ಬಂದಿದ್ದರೆ ಇನ್ನೂ ಒಳ್ಳೆಯದು. ವಯಸ್ಸಿನ ವಿಷಯದಲ್ಲಿ ನಮ್ಮ ಮೂವರೂ ಫೇಲು. ಪುಟ್ಟಮ್ಮನ ಹಿರಿತನಕ್ಕಷ್ಟೇ ಒಂದಿಷ್ಟು ಅಂಕ.

ಬೆಕ್ಕಿನ ಮಣ್ಣಿನ ಟ್ರೇ ಬಗ್ಗೆ ಸಭ್ಯರು ಬರೆಯುವುದಿಲ್ಲ. ಬರೆಯಲೇಬೇಕು, ಏಕೆಂದರೆ ನಾಯಿಗಳಿಗೆ ಅದು ಹೋಟೆಲು. ಟ್ರೇಯನ್ನು ಬಾಲ್ಕನಿಗೆ ಸಾಗಿಸಿ, ಬೆಕ್ಕು ನುಸುಳುವಷ್ಟೇ ಸಂದಿ ಬಿಟ್ಟು ಬಾಗಿಲಿಗೆ ಸರಪಳಿ ಹಾಕಿದೆವು. ಬೆಕ್ಕಿನ ಆಹಾರವೂ ಕೆಂಚನಿಗೆ ಪ್ರಾಣ. ಅದರಲ್ಲಿ ಪ್ರೋಟೀನ್ ಜಾಸ್ತಿ. ಅವನ ತಟ್ಟೆಯನ್ನು ಬೆಕ್ಕಿಗೆ ಕೊಟ್ಟು ಸರಿದೂಗಿಸುವ ಹಾಗೂ ಇಲ್ಲ. ಸಾಮಾನ್ಯವಾಗಿ ನಾಯಿಯ ಮೈ ತಾನೇ ತಯಾರಿಸಿಕೊಳ್ಳುವ ಟಾರಿನ್ ಬೆಕ್ಕಿಗೆ ಊಟದಿಂದಲೇ ಸಿಗಬೇಕು, ಸಿಗದಿದ್ದರೆ ಕಣ್ಣಿಗೂ ಹೃದಯಕ್ಕೂ ಕೇಡು. ಹಾಗಾಗಿ ಅಡುಗೆಮನೆಯ ಸಜ್ಜಾದಿಂದ ಹಳೆ ಕುಕ್ಕರು, ದೀಪಾವಳಿ ಡಬ್ಬಗಳನ್ನೆಲ್ಲ ಇಳಿಸಿ ಬೆಕ್ಕಿನ ಬಟ್ಟಲು ಅಲ್ಲಿಗೇರಿಸಿದೆವು. ಅತ್ತೆಯ ಪ್ರಶ್ನೆಗೆ ಉತ್ತರವೂ ಸಿಕ್ಕಿತು.

ಇವರು ಸ್ನೇಹಿತರಾಗಿಲ್ಲ. ರೀಲ್ಸಿನಲ್ಲಿ ತೋರಿಸುವ ಹಾಗೆ ತಬ್ಬಿ ಮಲಗುವುದಿಲ್ಲ, ಮಲಗಲಿ ಎಂಬ ಆಸೆ ನನಗೂ ಇಲ್ಲ. ನೆಲ ಕೆಂಚನದು, ಸೊಂಟದಿಂದ ಮೇಲಿನದೆಲ್ಲ ಪುಟ್ಟಮ್ಮನದು, ಸೋಫಾ ಮಾತ್ರ ಇನ್ನೂ ವಿವಾದದಲ್ಲಿದೆ. ಚಿನ್ನು ಸಜ್ಜಾದಿಂದ ಇಳಿಯುವುದು ರಾತ್ರಿ ಎಲ್ಲರೂ ಮಲಗಿದ ಮೇಲೆ. ಕಾವಲಿಗೆ ಯಾರೂ ಇಲ್ಲದಾಗ ಈಗಲೂ ಕೆಂಚನ ಕೋಣೆಗೆ ಚಿಲಕ ಹಾಕುತ್ತೇವೆ.

ಬೆಕ್ಕಿದೆ, ನಾಯಿ ಹೇಗೆ ಸಾಕುವುದು ಎಂದು ಹಿಂಜರಿಯುವವರು ಒಮ್ಮೆ ದತ್ತು ಶಿಬಿರಕ್ಕೆ ಹೋಗಿಬನ್ನಿ. ಮರಿಗಳ ಬುಟ್ಟಿ ದಾಟಿ ಹಿಂದಿನ ಸಾಲನ್ನೂ ನೋಡಿ, ಯಾವ ನಾಯಿ ಬೆಕ್ಕನ್ನು ಕಂಡು ಸುಮ್ಮನಿರುತ್ತದೆ ಎಂದು ಅಲ್ಲಿಯವರನ್ನೇ ಕೇಳಿ. ಹೋಗುವಾಗ ಮನೆಯಿಂದ ಒಂದು ಹಳೆ ಟವೆಲ್ಲು ಇರಲಿ.