‘ಫೇಲಾದ ಹುಡುಗ’: ಒಂದು ಪದಸಂರಚನಾ ಮೀಮಾಂಸೆ

ಕರಿಘಟ್ಟದ ಆಸುಪಾಸಿನ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಮಕ್ಕಳಲ್ಲಿ ‘ಸಂಬಂಧಾವಚ್ಛೇದಕಾವಚ್ಛಿನ್ನ ವಿಶೇಷಣೋಪವಾಕ್ಯ’ದ, ಅರ್ಥಾತ್ ಇಂಗ್ಲಿಷಿನ ರಿಲೇಟಿವ್ ಕ್ಲಾಜಿನ, ಆತ್ಯಂತಿಕ ಅಭಾವವಿದೆ ಎಂಬುದು ಗೈಡು ಬರೆಯುವ ವಿದ್ವನ್ಮಂಡಲಿಯ ಪೂರ್ವಪಕ್ಷ. ಪ್ರಸ್ತುತ ಪ್ರಬಂಧವು ‘ಫೇಲಾದ ಹುಡುಗ’ ಎಂಬ ಏಕೈಕ ಆಕರದಿಂದ ಇದನ್ನು ಖಂಡಿಸುತ್ತದೆ. ಫಲಿತಾಂಶ ಬಂದ ದಿನ ಈ ಆಕರ ಯಾವ ಜಗಲಿಯ ಮೇಲಾದರೂ ಸಿಗುತ್ತದೆ. ‘ಫೇಲ್’ ಇಂಗ್ಲಿಷಿನದು, ‘ಆಗು’ ಸೇರಿ ಕನ್ನಡದ ಕ್ರಿಯಾಪದವಾಯಿತು. ಇದು ಪದರಚನೆ. ಅದು ‘ಫೇಲಾದ’ ಎಂಬ ಕೃದಂತವಾಗಿ ಹುಡುಗನ ಮುಂದೆ ನಿಂತಿತು. ಯಾರು ಫೇಲಾದನೋ ಅವನು. ಇದು ರಿಲೇಟಿವ್ ಕ್ಲಾಜು. ಬೈಯುವ ಅಜ್ಜಿ ಎರಡು ಅಧ್ಯಾಯವನ್ನು ಎರಡೇ ಪದದಲ್ಲಿ ಮುಗಿಸಿದ್ದಾಳೆ.

ಕನ್ನಡದ ಕೃದಂತ ಬಲು ಸಡಿಲ ಎಂಬ ಆಕ್ಷೇಪವುಂಟು. ಒಪ್ಪಿದೆ. ಬರೆದ ಹುಡುಗ, ಬರೆದ ಕಾಗದ, ಬರೆದ ಪೆನ್ನು, ಬರೆದ ದಿನ: ನಾಲ್ಕಕ್ಕೂ ಒಂದೇ ‘ಬರೆದ’. ಯಾರು, ಏನು, ಯಾತರಿಂದ, ಯಾವಾಗ ಎಂಬುದನ್ನು ಮುಂದಿನ ನಾಮಪದಕ್ಕೇ ಬಿಟ್ಟಿದ್ದೇವೆ. ಇಂಗ್ಲಿಷಿಗೆ ಅಷ್ಟು ನಂಬಿಕೆ ಇಲ್ಲ. ನಾಮಪದ ಮೊದಲು ಬಂದರೂ ಹುಡುಗನಿಗೆ ‘ಹೂ’, ಕಾಗದಕ್ಕೆ ‘ವಿಚ್’, ಪೆನ್ನಿಗೆ ‘ವಿತ್ ವಿಚ್’, ದಿನಕ್ಕೆ ‘ವೆನ್’ ಎಂದು ಬೇರೆ ಬೇರೆ ರಸೀದಿ ಕೇಳುತ್ತದೆ. ಹೇಳಿಕೊಡಬೇಕಾದ್ದು ಇಷ್ಟೇ, ಒಂದು ಪೀರಿಯಡ್ಡಿನ ಕೆಲಸ. ಅಲ್ಪವಿರಾಮದ ಗುಟ್ಟೂ ಕರಿಘಟ್ಟ ಬೆಟ್ಟದ ಬುಡದಲ್ಲೇ ಹರಿಯುತ್ತಿದೆ. ‘ಕಾವೇರಿ ಸೇರುವ ಹೊಳೆ’ ಎಂದರೆ ಹೊಳೆಗಳು ಹಲವು, ಯಾವುದೆಂದು ಗುರುತಿಸಬೇಕು. ಇಂಗ್ಲಿಷಿನಲ್ಲಿ ಅಲ್ಪವಿರಾಮ ಬೇಡ. ‘ಕಾವೇರಿ ಸೇರುವ ಲೋಕಪಾವನಿ’ ಎಂದರೆ ಇರುವುದೇ ಒಂದು, ಅಲ್ಪವಿರಾಮ ಬೇಕು.

ಇನ್ನು ಪದರಚನೆ ಹಲವು ವಿಧ. ಒಂದು, ಉಕಾರಾಂತೀಕರಣ: ಬಸ್ಸು, ರೋಡು. ಎರಡು, ಸಹಾಯಕಕ್ರಿಯಾಸಂಯೋಜನ: ಅಡ್ಜಸ್ಟ್ ಮಾಡು, ಲೇಟಾಗು. ಉಳಿದವು ಹಾಳಾಗಲಿ. ನಾವಷ್ಟೇ ಅಲ್ಲ, ಶ್ರೀರಂಗಪಟ್ಟಣ ಎನ್ನಲು ನಾಲಿಗೆ ಹೊರಳದ ಇಂಗ್ಲಿಷರೂ ಪದ ತಿರುಚಿ ‘ಸೆರಿಂಗಪಟಂ’ ಎಂದು ಬರೆದುಕೊಂಡರು, 1799ರಲ್ಲಿ ಊರನ್ನೇ ಗೆದ್ದರು. ಪಾಂಡವಪುರವನ್ನು ‘ಫ್ರೆಂಚ್ ರಾಕ್ಸ್’ ಎಂದರು. ಅವರನ್ನು ಯಾರೂ ಫೇಲು ಮಾಡಲಿಲ್ಲ. ಇಲ್ಲಿ ‘ಹೂ’ ಇರಬೇಕಾದ ಕಡೆ ‘ವಿಚ್’ ಬರೆದ ಹುಡುಗಿಗೆ ಮಾತ್ರ ದಡ್ಡಿ ಎಂಬ ಬಿರುದು. ಇಂಗ್ಲಿಷ್ ತರಗತಿಯಲ್ಲಿ ಕನ್ನಡವಾಡಿದರೆ ಇಂಗ್ಲಿಷ್ ಕೆಡುತ್ತದಂತೆ! ಹಾಗಾದರೆ ಅರ್ಥವಾಗದೆ ಉರು ಹೊಡೆದದ್ದರಿಂದ ಏನು ಉಳಿಯಿತು? ‘ಶಾಲೆ ಬಿಟ್ಟ ಹುಡುಗಿ’, ‘ಗಾರ್ಮೆಂಟ್ಸ್ ಬಸ್ಸು ಹತ್ತಿದ ಹುಡುಗಿ’. ಇವೂ ರಿಲೇಟಿವ್ ಕ್ಲಾಜುಗಳೇ. ಮೇಷ್ಟ್ರೇ, ನಾಳೆ ಬೋರ್ಡಿನ ಮೇಲೆ ಆ ಉದ್ದನೆಯ ಹೆಸರು ಬರೆಯುವ ಮೊದಲು ‘ಬರೆದ ಪೆನ್ನು’ ಎಂದು ಕನ್ನಡದಲ್ಲಿ ಬರೆಯಿರಿ.