ಜಕಣಾಚಾರಿಗಳಿಗೆ, ಕಪ್ಪೆಯ ವಿಷಯವಾಗಿ

ಅಮರಶಿಲ್ಪಿ ಜಕಣಾಚಾರಿಗಳಿಗೆ, ಅರಸೀಕೆರೆಯ ಒಬ್ಬ ಪ್ರೋಗ್ರಾಮರನ ಪರವಾಗಿ ಬಹಿರಂಗ ಪತ್ರ.

ಈ ಹುಡುಗನ ಮನೆ 1220ರ ಶಿವಾಲಯದಿಂದ ಕೂಗಳತೆಯಲ್ಲಿದೆ. ಕೂರುವುದು ಅರಸೀಕೆರೆಯಲ್ಲಿ, ದುಡಿಯುವುದು ಬೆಂಗಳೂರಿಗೆ. ಕರೆಂಟು ಹೋದರೆ ಮೊಬೈಲ್ ಹಿಡಿದು ಸಿಗ್ನಲ್ಲಿಗಾಗಿ ಮಹಡಿ ಹತ್ತುತ್ತಾನೆ. ಬೆಳಗಿನ ಮೀಟಿಂಗಿನಲ್ಲಿ ‘ಇವತ್ತು ಮುಗಿಯುತ್ತಾ?’ ಎಂದು ಕೇಳುವವರು ಐವರು, ಮುಗಿಸಬೇಕಾದವನು ಇವನೊಬ್ಬ. ಮುಗಿಸುವ ಮಾತು ಬಂತಲ್ಲ, ಹಳೇಬೀಡಿನ ಹೊಯ್ಸಳೇಶ್ವರ ಗುಡಿಗೆ ಇವತ್ತಿಗೂ ಶಿಖರವಿಲ್ಲ. ಆದರೂ 2023ರಲ್ಲಿ ಯುನೆಸ್ಕೊ ಬೇಲೂರು, ಸೋಮನಾಥಪುರಗಳ ಜೊತೆಗೆ ಅದನ್ನೂ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಇವನು ಒಂದು ಬಟನ್ನಿನ ಬಣ್ಣ ಬಾಕಿ ಇಟ್ಟರೂ ಮೇಲಿನವರಿಗೆ ಮೇಲ್ ಹೋಗುತ್ತದೆ.

ಇನ್ನು ಕಪ್ಪೆ. ಬೇಲೂರಿನವರು ಹೇಳುವ ಕಥೆ ತಮಗೆ ಗೊತ್ತೇ ಇದೆ. ತಾವು ಕಡೆದ ಮೂರ್ತಿಗೆ ಗಂಧ ಬಳಿದರೆ ಮೈಯೆಲ್ಲ ಒಣಗಿತು, ಹೊಕ್ಕುಳ ಹತ್ತಿರ ಮಾತ್ರ ಹಸಿ. ಉಳಿ ತಾಗಿಸಿದರೆ ಒಳಗೆ ನೀರು, ನೀರಿನಲ್ಲಿ ಕಪ್ಪೆ. ಕಲ್ಲಿನ ದೋಷ ಕಾಣದ ತಪ್ಪಿಗೆ ತಾವು ಬಲಗೈ ಕಡಿದುಕೊಂಡಿರಿ. ತುಮಕೂರಿನ ಹತ್ತಿರದ ಕೈದಾಳದಲ್ಲಿ ಕೈ ಮರಳಿ ಬಂತಂತೆ. ಬ್ಯಾಕಪ್ ಇತ್ತು, ಪುಣ್ಯ. ಗಣಕದವರಿಗೂ ಇಂಥದೊಂದು ಕಪ್ಪೆ ಸಿಕ್ಕಿತ್ತು: ಅಮೆರಿಕದ ಹಾರ್ವರ್ಡ್‌ನಲ್ಲಿ 1947ರ ಸೆಪ್ಟೆಂಬರ್ 9ರಂದು ಮಾರ್ಕ್ 2 ಗಣಕದ ರಿಲೇಯಲ್ಲಿ ಪತಂಗವೊಂದು ಸಿಕ್ಕಿಕೊಂಡಿತ್ತು. ಅವರು ಕೈಗೀ ಕಡಿದುಕೊಳ್ಳಲಿಲ್ಲ, ಅದನ್ನು ಲಾಗ್ ಪುಸ್ತಕಕ್ಕೆ ಟೇಪಿನಿಂದ ಅಂಟಿಸಿ ಮುಂದಿನ ಕೆಲಸ ನೋಡಿದರು.

ನಮ್ಮ ಹುಡುಗನ ಕಪ್ಪೆ ಕಲ್ಲಿನಲ್ಲಿರಲಿಲ್ಲ, ‘ಸೋ’ ಅಕ್ಷರದಲ್ಲಿತ್ತು. ಬಿಡುವಿನಲ್ಲಿ ಹೊಯ್ಸಳ ಶಿಲ್ಪಿಗಳ ಹೆಸರು ಹುಡುಕುವ ಪುಟ್ಟ ಆ್ಯಪ್ ಕಟ್ಟಿದ್ದ. ‘ದಾಸೋಜ’ ಎಂದು ಒತ್ತಿದರೆ ‘ಯಾರೂ ಇಲ್ಲ’ ಎಂಬ ಉತ್ತರ. ಪಟ್ಟಿಯಲ್ಲಿ ನೋಡಿದರೆ ದಾಸೋಜ ಕಣ್ಣೆದುರೇ ಕೂತಿದ್ದಾನೆ! ರಾತ್ರಿ ಎರಡಕ್ಕೆ ಅಕ್ಷರ ಬಿಡಿಸಿ ನೋಡಿದ. ಗಣಕದಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಓತ್ವಕ್ಕೆ ಇಡಿಯಾಗಿ ಒಂದು ಸಂಕೇತವಿದೆ. ಎತ್ವ, ಊತ್ವ, ದೀರ್ಘ ಎಂದು ಮೂರು ತುಂಡು ಜೋಡಿಸಿದರೂ ಪರದೆಯ ಮೇಲೆ ಮೂಡುವುದು ಅದೇ ‘ಸೋ’. ಪಟ್ಟಿಯಲ್ಲಿದ್ದವನು ಮೂರು ತುಂಡಿನ ದಾಸೋಜ, ಇವನು ಹುಡುಕುತ್ತಿದ್ದುದು ಇಡೀ ದಾಸೋಜನನ್ನು. ಕಣ್ಣಿಗೆ ಒಬ್ಬನೇ, ಗಣಕಕ್ಕೆ ಇಬ್ಬರು.

ಎರಡನ್ನೂ ಒಂದೇ ರೂಪಕ್ಕೆ ತರುವ ನಾರ್ಮಲೈಸೇಷನ್ ಎಂಬುದಿದೆ. ಒಂದು ಸಾಲು ಸೇರಿಸಿದ. ದಾಸೋಜ ಬಂದ. ಹುಡುಗ ಹಿತ್ತಿಲಿಗೆ ಹೋಗಿ ಕತ್ತಲಲ್ಲಿ ಒಬ್ಬನೇ ನಕ್ಕ, ನಾಯಿ ಬೊಗಳಿತು. ಸಂಬಳದ ಚೀಟಿಯಲ್ಲಿ ಈ ನಗುವಿಗೆ ಕಾಲಂ ಇಲ್ಲ. ಬೆಳಿಗ್ಗೆ ಅಮ್ಮ ಕೇಳಿದರು: ‘ರಾತ್ರಿಯೆಲ್ಲ ಲೈಟು ಉರೀತಿತ್ತಲ್ಲ, ಏನು ಮಾಡ್ದೆ?’

‘ಒಂದು ಸಾಲು ಬರೆದೆ.’

‘ಒಂದೇನಾ?’

ತಪ್ಪು ತಿಳಿಯಬೇಡಿ ಆಚಾರಿಗಳೇ, ಇನ್ನೊಂದು ಮಾತು ಹೇಳಲೇಬೇಕು. 1117ರ ಬೇಲೂರು ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರು ತಾವು ಕಡೆದ ವಿಗ್ರಹಗಳ ಕೆಳಗೆ ಹೆಸರು ಕೊರೆದಿದ್ದಾರೆ. ಆ ಸಹಿಗಳಲ್ಲಿ ತಮ್ಮ ಹೆಸರಿಲ್ಲ. ಆದರೂ 1964ರಲ್ಲಿ ಕನ್ನಡದ ಮೊದಲ ಪೂರ್ಣ ವರ್ಣ ಚಲನಚಿತ್ರ ಬಂದದ್ದು ತಮ್ಮ ಮೇಲೆ! ಆಫೀಸಿನಲ್ಲೂ ಹೀಗೇ: ಕೋಡ್ ಬರೆಯುವವನು ಒಬ್ಬ, ಡೆಮೊ ದಿನ ಕೋಟು ಹಾಕಿಕೊಂಡು ಬರುವವನು ಇನ್ನೊಬ್ಬ. 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಮಾಡಿದ ಗಿಟ್ ಎಂಬ ಸಾಧನ ಯಾವ ಸಾಲು ಯಾರದೆಂದು ತೋರಿಸುತ್ತದೆ. ಆ ಕಮಾಂಡಿನ ಹೆಸರು ‘ಬ್ಲೇಮ್’, ಅಂದರೆ ದೂರು. ಶಹಬ್ಬಾಸ್ ಎನ್ನಲು ಅದರಲ್ಲಿ ಕಮಾಂಡ್ ಇಟ್ಟಿಲ್ಲ.

ಪ್ರತಿ ಜನವರಿ 1ರಂದು ಸರ್ಕಾರ ತಮ್ಮ ಸಂಸ್ಮರಣಾ ದಿನ ಆಚರಿಸುತ್ತದೆ. ಈ ಸಲ ಹಾರ ಹಾಕಿಸಿಕೊಳ್ಳುವ ಮುಂಚೆ ದಾಸೋಜ, ಚಾವಣರನ್ನೂ ವೇದಿಕೆಗೆ ಕರೆಯಿರಿ. ಹೆಸರು ಹುಡುಕಿದರೆ ಈಗ ಸಿಗುತ್ತದೆ.