ಧಾರೆ ಒಂದು ಗಂಟೆ, ಡೌನ್‌ಲೋಡು ಐದು ದಿನ

ರಾಮಮೂರ್ತಿ ನಗರದ ಯಾವ ಮನೆಯ ಬೀರು ತೆಗೆದರೂ ರೇಷ್ಮೆ ಸೀರೆಗಳ ಅಡಿಯಲ್ಲಿ ಒಂದು ಮದುವೆ ಕ್ಯಾಸೆಟ್ಟು ಸಿಕ್ಕೀತು. ಅದನ್ನು ಹಿಂದೊಮ್ಮೆ ಎಫ್‌ಎಲ್‌ವಿ ಎಂಬ ಫ್ಲ್ಯಾಶ್ ವಿಡಿಯೊ ಫೈಲಿಗೆ ಇಳಿಸಿದವರನ್ನು ನೋಡಿ ಇಂದು ನಗುವುದು ಸುಲಭ, ಆದರೆ ನ್ಯಾಯವಲ್ಲ. ಲೆಕ್ಕ ಹಾಕಿ. ಕ್ಯಾಮ್‌ಕಾರ್ಡರಿನ ಮಿನಿ ಡಿವಿ ಟೇಪು ಕಂಪ್ಯೂಟರಿಗೆ ಬಂದರೆ ಗಂಟೆಗೆ ಸುಮಾರು 13 ಜಿಬಿ. 2005ರ ಸುಮಾರಿಗೆ ಮನೆಯ ಬ್ರಾಡ್‌ಬ್ಯಾಂಡ್ ಎಂದರೆ 256 ಕೆಬಿಪಿಎಸ್. ಆ ವೇಗದಲ್ಲಿ ತಮ್ಮನ ಧಾರೆಯ ಒಂದು ಗಂಟೆ ಅಮೆರಿಕದ ಅಕ್ಕನನ್ನು ತಲುಪಲು ಹೆಚ್ಚುಕಡಿಮೆ ಐದು ದಿನ ಬೇಕು, ಅದೂ ಕರೆಂಟು ಹೋಗದಿದ್ದರೆ. ಅಜ್ಜನ ಕಾಲದ ಐದು ದಿನದ ಮದುವೆಯನ್ನು ಕಷ್ಟಪಟ್ಟು ಒಂದು ದಿನಕ್ಕೆ ಇಳಿಸಿದ ಉಳಿತಾಯವೆಲ್ಲ ಮೋಡೆಮ್ಮಿನ ಪಾಲು! ಅದಕ್ಕೇ ಚಿಕ್ಕ ಎಫ್‌ಎಲ್‌ವಿ ಫೈಲು ಬೇಕಾಯಿತು; ಯೂಟ್ಯೂಬ್ ಕೂಡ ಆಗ ಫ್ಲ್ಯಾಶನ್ನೇ ನಂಬಿತ್ತು.

ತಕರಾರಿರುವುದು ಪರಿವರ್ತನೆಗಲ್ಲ, ಆಮೇಲೆ ಮೂಲ ಟೇಪಿನ ಮೇಲೇ ನಾಮಕರಣ ರೆಕಾರ್ಡ್ ಮಾಡಿದ್ದಕ್ಕೆ. 720×576 ಚುಕ್ಕಿಗಳ ಚಿತ್ರವನ್ನು 320×240ಕ್ಕೆ ಕುಗ್ಗಿಸಿದಾಗ ಐದರಲ್ಲಿ ನಾಲ್ಕು ಪಾಲು ಚುಕ್ಕಿ ಹೋದವು. ಎರಚಿದ ಅಕ್ಷತೆ ಮಂಜಾಯಿತು, ಹಿಂದಿನ ಸಾಲಿನಲ್ಲಿ ಮುನಿಸಿಕೊಂಡು ಕೂತ ಬೀಗರ ಮುಖವೂ ಅಳಿಸಿಹೋಯಿತು (ಇದರಿಂದ ಕೆಲವು ಸಂಬಂಧ ಉಳಿದಿರಲೂಬಹುದು). “ಈಗ ಎಂಪಿ4 ಮಾಡಿಸಿದರಾಯಿತಲ್ಲ?” ಎನ್ನುವವರುಂಟು. ಮಾಡಿಸಬಹುದು, ಡಬ್ಬಿ ಬದಲಾದೀತು, ಹೋದ ಚುಕ್ಕಿ ಬಾರದು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಫ್ಲ್ಯಾಶ್ ಪ್ಲೇಯರಿಗೆ ಎಳ್ಳುನೀರು ಬಿಟ್ಟಿತೆಂದು ಗಾಬರಿಯೂ ಬೇಡ. ವಿಎಲ್‌ಸಿ ಪ್ಲೇಯರು ಎಫ್‌ಎಲ್‌ವಿ ಫೈಲನ್ನು ಇಂದಿಗೂ ಓಡಿಸುತ್ತದೆ. ತುರ್ತಾಗಿ ಓಡಿಸಬೇಕಾದ್ದು ಅಳಿಸದೆ ಉಳಿದ ಟೇಪನ್ನು, ಅದೂ ಅಟ್ಟದ ಮೇಲಿನ ಕ್ಯಾಮ್‌ಕಾರ್ಡರು ಗುಜರಿಯವನ ಗಾಡಿ ಹತ್ತುವ ಮೊದಲು.